ವೈದ್ಯರ ಕೋಣೆಯವರೆಗೂ ಹೋಗಲಾಗದವರಿಗೆ: ಸಾಮಾಜಿಕ ಆತಂಕದ ಬಗ್ಗೆ ಅನುಭವ ಹಂಚಿಕೆ

ಕೇಳಿದವರು (ತುಮಕೂರು ಜಿಲ್ಲೆ, 22 ವರ್ಷ)

ನಾನು ಬಿ.ಕಾಂ. ಮುಗಿಸಿ ಒಂದು ವರ್ಷವಾಯಿತು. ಹೊಸಬರ ಎದುರು ಮಾತನಾಡಬೇಕಾದಾಗ ಎದೆ ಬಡಿದುಕೊಳ್ಳುತ್ತದೆ, ಗಂಟಲು ಒಣಗುತ್ತದೆ, ನನ್ನ ಕೈ ನಡುಗುವುದು ಅವರಿಗೆ ಕಾಣಿಸಿತೇನೋ ಎಂಬ ಯೋಚನೆಯಲ್ಲಿ ಅವರು ಹೇಳಿದ್ದೇ ತಲೆಗೆ ಹೋಗುವುದಿಲ್ಲ. ಇದೇ ಕಾರಣಕ್ಕೆ ಎರಡು ಸಂದರ್ಶನಗಳಿಗೆ ಹೋಗದೆ, ಹೋಗಿ ಬಂದೆ ಎಂದು ಮನೆಯಲ್ಲಿ ಸುಳ್ಳು ಹೇಳಿದ್ದೇನೆ. ಇದಕ್ಕೆ ಚಿಕಿತ್ಸೆ ಇದೆ ಎಂದು ಓದಿ ಒಬ್ಬ ಆಪ್ತಸಮಾಲೋಚಕರಿಗೆ ಮೂರು ಬಾರಿ ಫೋನ್ ಮಾಡಿದೆ. ಮೂರೂ ಬಾರಿ ಅವರು ಹಲೋ ಎಂದ ಕೂಡಲೇ ಕರೆ ಕತ್ತರಿಸಿದೆ. ಕಳೆದ ತಿಂಗಳು ಆಸ್ಪತ್ರೆಗೆ ಹೋಗಿ ಚೀಟಿ ಮಾಡಿಸಿ ಎರಡು ಗಂಟೆ ಕುಳಿತಿದ್ದೆ. ಹೆಸರು ಕೂಗಿದಾಗ ಅಲ್ಲಿದ್ದವರೆಲ್ಲ ತಿರುಗಿ ನೋಡಿದಂತಾಗಿ, ಎದ್ದು ಹೊರಗೆ ಬಂದುಬಿಟ್ಟೆ. ಊರಿನ ವೈದ್ಯರು, ಕೆಲಸಕ್ಕೆ ಸೇರು, ತಾನಾಗಿ ಸರಿಹೋಗುತ್ತದೆ ಎಂದರು. ಇದನ್ನು ದಾಟಿ ಬಂದವರಿದ್ದರೆ, ಮೊದಲ ಸಲ ವೈದ್ಯರ ಮುಂದೆ ಹೇಗೆ ಕುಳಿತಿರಿ ಎಂಬುದನ್ನು ದಯವಿಟ್ಟು ತಿಳಿಸಿ. ಪ್ರತಿ ಭೇಟಿಗೆ ಸಾವಿರಾರು ರೂಪಾಯಿ ಕೊಡುವ ಶಕ್ತಿ ನಮ್ಮ ಮನೆಗಿಲ್ಲ.

ದಾವಣಗೆರೆಯಿಂದ, 27 ವರ್ಷ

ನೀವು ಎದ್ದು ಬಂದದ್ದನ್ನು ಹೇಡಿತನವೆಂದು ಎಣಿಸಬೇಡಿ. ಯಾವುದನ್ನು ಮಾಡಲಾಗುತ್ತಿಲ್ಲವೆಂದು ಚಿಕಿತ್ಸೆ ಕೇಳಲು ಹೊರಟಿದ್ದೇವೆಯೋ ಅದನ್ನೇ, ಅಂದರೆ ಗುರುತಿಲ್ಲದವರಿಗೆ ಫೋನ್ ಮಾಡುವುದು, ಸಾಲಿನಲ್ಲಿ ನಿಲ್ಲುವುದು, ಹೆಸರು ಕೂಗಿದಾಗ ಎಲ್ಲರ ನಡುವೆ ಏಳುವುದು, ಇವನ್ನೆಲ್ಲ ಮೊದಲು ಮಾಡಿದರೆ ಮಾತ್ರ ಚಿಕಿತ್ಸೆ ಸಿಗುವಂತೆ ನಮ್ಮ ಆಸ್ಪತ್ರೆಗಳ ಏರ್ಪಾಡು ಇದೆ. ಇದು ನನಗೆ ಅರ್ಥವಾಗುವಷ್ಟರಲ್ಲಿ ಮೂರು ವರ್ಷ ಕಳೆದಿತ್ತು.

ನನ್ನದು ಹೈಸ್ಕೂಲಿನಿಂದ ಬಂದ ತೊಂದರೆ. ಹಾಜರಿ ಕೂಗುವಾಗ ನನ್ನ ಹೆಸರಿಗಿಂತ ಮುಂಚೆ ಬರುತ್ತಿದ್ದ ಐದು ಹೆಸರುಗಳು ಇವತ್ತಿಗೂ ಅದೇ ಕ್ರಮದಲ್ಲಿ ನೆನಪಿವೆ, ಏಕೆಂದರೆ ಆ ಐದು ಹೆಸರುಗಳಷ್ಟು ಹೊತ್ತು ನಾನು ಉಸಿರು ಹಿಡಿದು ಕುಳಿತಿರುತ್ತಿದ್ದೆ. ಮನೆಯವರು ಅದನ್ನು ಸಂಕೋಚದ ಸ್ವಭಾವ ಎಂದರು. ನೆಂಟರು ಒಳ್ಳೆಯ ಹುಡುಗನೆಂದು ಹೊಗಳಿದರು. ಸಂಕೋಚದವರು ಸ್ವಲ್ಪ ಹೊತ್ತಿಗೆ ಹೊಸಬರೊಂದಿಗೆ ಹೊಂದಿಕೊಳ್ಳುತ್ತಾರೆ. ನಾನಾದರೋ ಒಂದು ಸೆಮಿನಾರಿಗೆ ಹದಿನೈದು ದಿನ ಮೊದಲೇ ನಿದ್ದೆ ಕಳೆದುಕೊಂಡು, ಅದು ಮುಗಿದ ಮೇಲೂ ಎಲ್ಲಿ ತೊದಲಿದೆ, ಯಾರು ನಕ್ಕರು ಎಂದು ವಾರಗಟ್ಟಲೆ ಮೆಲುಕು ಹಾಕುತ್ತಿದ್ದೆ. ಕೊನೆಯ ವರ್ಷದ ಮೌಖಿಕ ಪರೀಕ್ಷೆಗೆ (ವೈವಾ) ಹೋಗಲಾಗದೆ ಒಂದು ವರ್ಷವನ್ನೇ ಕಳೆದುಕೊಂಡ ಮೇಲೆ ಇದು ಸ್ವಭಾವವಲ್ಲ, ಕಾಯಿಲೆ ಎಂಬುದು ಖಚಿತವಾಯಿತು.

ನನಗೆ ದಾರಿ ಮಾಡಿಕೊಟ್ಟದ್ದು ಒಂದು ಕಾಗದ. ಬಾಯಿಂದ ಹೇಳಲಾಗದ್ದನ್ನು ಒಂದೂವರೆ ಪುಟ ಬರೆದು ಮಡಚಿ ಜೇಬಿನಲ್ಲಿ ಇಟ್ಟುಕೊಂಡು ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋದೆ. ನೋಂದಣಿಯ ಕಿಟಕಿಯಲ್ಲಿ ಹೇಳಬೇಕಾದದ್ದು ಹೆಸರು, ವಯಸ್ಸು ಮತ್ತು ವಿಭಾಗ ಮಾತ್ರ. ಅದನ್ನೂ ಚೀಟಿಯಲ್ಲಿ ಬರೆದು ಕೊಟ್ಟೆ, ಅಲ್ಲಿದ್ದವರು ಏನೂ ಕೇಳಲಿಲ್ಲ. ಕೂಗುವುದು ಕೇಳಿಸುವಷ್ಟು ಹತ್ತಿರದಲ್ಲಿ, ಆದರೆ ಬೆಂಚುಗಳಿಗೆ ಬೆನ್ನು ಮಾಡಿ ಹೊರಗಿನ ಕಾರಿಡಾರಿನಲ್ಲಿ ನಿಂತಿದ್ದೆ. ಒಳಗೆ ಹೋದ ಮೇಲೆ, ನನಗೆ ಮಾತು ಬರುವುದಿಲ್ಲ, ಇದನ್ನು ಓದಿ ಎಂದಷ್ಟೇ ಹೇಳಿ ಕಾಗದ ಕೊಟ್ಟೆ. ವೈದ್ಯರು ಓದಿದರು, ಮೂರು ಪ್ರಶ್ನೆ ಕೇಳಿದರು. ಹೌದು, ಇಲ್ಲ ಎಂದರೆ ಸಾಕಾಗುವಂಥ ಪ್ರಶ್ನೆಗಳು. ಆ ಕಾಗದ ಇಲ್ಲದೆ ಹೋಗಿದ್ದರೆ ತಲೆನೋವು, ನಿದ್ದೆ ಬರುವುದಿಲ್ಲ ಎಂದು ಹೇಳಿ ನಿದ್ದೆಯ ಮಾತ್ರೆ ತೆಗೆದುಕೊಂಡು ಬರುತ್ತಿದ್ದೆ. ಹಿಂದೊಮ್ಮೆ ಬೇರೆ ಕಡೆ ಹಾಗೆಯೇ ಮಾಡಿದ್ದೆ.

ನನಗೆ ಕೊಟ್ಟದ್ದು ಎಸ್‌ಎಸ್‌ಆರ್‌ಐ ಎಂಬ, ಖಿನ್ನತೆ ಮತ್ತು ಆತಂಕಕ್ಕೆ ಕೊಡುವ ಗುಂಪಿನ ಮಾತ್ರೆ. ಮೊದಲ ಹತ್ತು ದಿನ ವಾಕರಿಕೆ ಬಂತು, ಗುಣವೇನೂ ಕಾಣಲಿಲ್ಲ. ಪರಿಣಾಮ ತಿಳಿಯಲು ಕೆಲವು ವಾರಗಳು ಬೇಕು, ನೀವಾಗಿಯೇ ಥಟ್ಟನೆ ನಿಲ್ಲಿಸಬಾರದು ಎಂದು ವೈದ್ಯರು ಮೊದಲೇ ಹೇಳಿದ್ದರಿಂದ ಮುಂದುವರಿಸಿದೆ. ಆರನೆಯ ವಾರದ ಹೊತ್ತಿಗೆ ಭಯ ಹೋಗಲಿಲ್ಲ, ಆದರೆ ಭಯವಿದ್ದರೂ ಕಾಲು ಮುಂದಕ್ಕೆ ಹೋಗತೊಡಗಿತು. ಅದೇ ವಿಭಾಗದ ಮನಶ್ಶಾಸ್ತ್ರಜ್ಞೆಯ ಬಳಿ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಬದಲಾಯಿಸುವ ಮಾತಿನ ಚಿಕಿತ್ಸೆ, ಆರಂಭವಾದದ್ದು ಆಮೇಲೆ, ಮತ್ತು ನಿಜವಾದ ಬದಲಾವಣೆ ಅಲ್ಲಿಂದಲೇ ಎಂದು ನನ್ನ ನಂಬಿಕೆ. ಭಯದ ಸಂದರ್ಭಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ಒಂದೊಂದನ್ನೇ ಮಾಡಿಸಿದರು: ಬಸ್ಸಿನಲ್ಲಿ ಕಂಡಕ್ಟರ್ ಬಳಿ ಬಾಕಿ ಚಿಲ್ಲರೆ ಕೇಳುವುದು, ಅಂಗಡಿಯಲ್ಲಿ ಬೆಲೆ ಕೇಳಿ ಕೊಳ್ಳದೆ ಬರುವುದು, ಭಾನುವಾರ ಬೆಳಗ್ಗೆ ತುಂಬಿ ತುಳುಕುವ ಬೆಣ್ಣೆ ದೋಸೆ ಹೋಟೆಲಿನಲ್ಲಿ ಒಬ್ಬನೇ ಕುಳಿತು ತಿನ್ನುವುದು. ಅಲ್ಲಿ ಮೊಬೈಲ್ ನೋಡುವಂತಿಲ್ಲ, ಗೋಡೆಯ ಕಡೆ ಮುಖ ಮಾಡುವಂತಿಲ್ಲ. ಮಾತನ್ನು ಮನಸ್ಸಿನಲ್ಲಿ ಮೊದಲೇ ಜೋಡಿಸಿಕೊಳ್ಳುವುದು, ಲೋಟವನ್ನು ಬಿಗಿಯಾಗಿ ಹಿಡಿಯುವುದು, ಕಣ್ಣು ತಪ್ಪಿಸುವುದು ಮೊದಲಾದ ನಮ್ಮ ರಕ್ಷಣೆಯ ಉಪಾಯಗಳೇ ಭಯವನ್ನು ಸಾಕುತ್ತವೆ ಎಂದು ಅವರು ತೋರಿಸಿಕೊಟ್ಟರು. ಲೋಟವನ್ನು ಬಿಗಿ ಹಿಡಿದಷ್ಟೂ ಕೈ ಹೆಚ್ಚು ನಡುಗುತ್ತದೆ ಎಂಬುದನ್ನು ನೀವೇ ಮನೆಯಲ್ಲಿ ಪರೀಕ್ಷಿಸಿ ನೋಡಬಹುದು.

ಶಿರಸಿಯಿಂದ, ತಮ್ಮನ ಜೊತೆ ಹೋದ ಅಕ್ಕ

ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ, ಆದರೆ ಒಂದು ಮಾತನ್ನು ಮೊದಲೇ ಒಪ್ಪಿಸಿಕೊಳ್ಳಿ. ನನ್ನ ತಮ್ಮನನ್ನು ಕರೆದುಕೊಂಡು ಹೋದಾಗ ವೈದ್ಯರು ಕೇಳಿದ ಪ್ರತಿಯೊಂದಕ್ಕೂ ನಾನೇ ಉತ್ತರ ಕೊಟ್ಟೆ, ಅವನಿಗೆ ಸಹಾಯ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ. ಎರಡನೆಯ ಭೇಟಿಯಲ್ಲಿ ಅವರು ನನ್ನನ್ನು ಹೊರಗೆ ಕೂರಲು ಹೇಳಿದಾಗ ನೋವಾಯಿತು. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ನೆಂಟರ ಮನೆಯಲ್ಲಿ ಇಷ್ಟು ವರ್ಷ ಅವನ ಪರವಾಗಿ ನಾನು ಮಾತನಾಡಿದ್ದರಿಂದಲೇ ಅವನಿಗೆ ಮಾತನಾಡುವ ಪ್ರಸಂಗ ಬಂದಿರಲಿಲ್ಲ ಎಂಬುದು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾಗ ಹೊಳೆಯಿತು. ಜೊತೆಗೆ ಬರುವವರು ಬಾಗಿಲವರೆಗೆ ಬರಲಿ, ನೀವು ಎದ್ದು ಹೋಗದಂತೆ ಪಕ್ಕದಲ್ಲಿ ಕೂರಲಿ. ಒಳಗೆ ಎಷ್ಟೇ ಹೊತ್ತು ಹಿಡಿದರೂ ಉತ್ತರ ನಿಮ್ಮದೇ ಆಗಿರಲಿ.

ಧಾರವಾಡದಿಂದ, ಮನೋವೈದ್ಯಕೀಯ ಸಮಾಜಕಾರ್ಯದಲ್ಲಿ ಇರುವವರು

ಖರ್ಚಿನ ಚಿಂತೆಗೆ ಉತ್ತರಿಸುತ್ತೇನೆ: ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿದರೆ ಪ್ರತಿ ಭೇಟಿಗೆ ಸಾವಿರಾರು ರೂಪಾಯಿ ಬೇಕಾಗುವುದಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದ ಮಾದರಿಯಲ್ಲಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಅದರ ತಂಡ ಜಿಲ್ಲಾ ಆಸ್ಪತ್ರೆಯಲ್ಲಿ ಇರುತ್ತದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೂ ಬರುತ್ತಾರೆ. ಸಾಮಾನ್ಯವಾಗಿ ಅದು ಮಂಗಳವಾರ, ಆದರೂ ನಿಮ್ಮ ತಾಲ್ಲೂಕಿನ ದಿನವನ್ನು ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ನಮ್ಮ ಧಾರವಾಡದ ಡಿಮ್ಹಾನ್ಸ್ ಎರಡರಲ್ಲೂ ಹೊರರೋಗಿ ವಿಭಾಗವಿದೆ, ಆದರೆ ಜನಸಂದಣಿ ಹೆಚ್ಚು, ಇಡೀ ದಿನ ಹಿಡಿಯಬಹುದು. ನಿಮ್ಮಂಥವರು ಮೊದಲ ಸಲ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗುವುದೇ ಮೇಲು.

ಮನೆಯವರಿಗೆ, ಮುಂದೆ ಕೆಲಸ ಕೊಡುವವರಿಗೆ ತಿಳಿದುಬಿಡುತ್ತದೆ ಎಂಬ ಹೆದರಿಕೆಯಿಂದ ಅನೇಕರು ನಮ್ಮ ಬಾಗಿಲಿನಿಂದಲೇ ಹಿಂದಿರುಗುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಕಾಯ್ದೆಯೇ ಹೇಳಿರುವ ಕೆಲವು ಸಂದರ್ಭಗಳನ್ನು ಬಿಟ್ಟರೆ, ಚಿಕಿತ್ಸೆಯ ವಿವರವನ್ನು ಗುಟ್ಟಾಗಿ ಇಡುವುದು ನಮ್ಮ ಕರ್ತವ್ಯ. ನಿಮಗೆ 18 ತುಂಬಿದೆ. ಒಬ್ಬರೇ ಬಂದು ತೋರಿಸಿಕೊಳ್ಳಬಹುದು. ಮತ್ತೊಂದು ವಿನಂತಿ: ಎಲ್ಲರೆದುರು ಹೆಸರು ಕೂಗಿದರೆ ನನಗೆ ಕಷ್ಟವಾಗುತ್ತದೆ ಎಂದು ಚೀಟಿಯ ಮೇಲೆ ಬರೆದು ನರ್ಸ್ ಕೈಗೆ ಕೊಡಿ. ನಮ್ಮಲ್ಲಿ ಹಾಗೆ ಕೊಟ್ಟವರನ್ನು ಬಳಿಗೆ ಹೋಗಿ ಕರೆದಿದ್ದೇವೆ. ಇದನ್ನು ಕೇಳಬಹುದು ಎಂಬುದೇ ಹೆಚ್ಚಿನವರಿಗೆ ಗೊತ್ತಿಲ್ಲ, ಅದು ನಮ್ಮ ಕಡೆಯ ಲೋಪ.

ಬೆಂಗಳೂರಿನಿಂದ, 24 ವರ್ಷ

ಮೊದಲ ಭೇಟಿ ಕೆಟ್ಟರೆ ಏನು ಮಾಡಬೇಕು ಎಂಬುದನ್ನು ನಾನು ಹೇಳಬಲ್ಲೆ. ನಾನು ಮೊದಲು ಹೋದವರು ಆತ್ಮವಿಶ್ವಾಸ ಬೆಳೆಸಿಕೊಳ್ಳಿ ಎಂದು ಮುಕ್ಕಾಲು ಗಂಟೆ ಉಪದೇಶ ಮಾಡಿ ಹಣ ತೆಗೆದುಕೊಂಡರು; ತಪ್ಪು ನನ್ನದೇ ಎಂದುಕೊಂಡು ಎಂಟು ತಿಂಗಳು ಮತ್ತೆ ಎಲ್ಲಿಗೂ ಹೋಗಲಿಲ್ಲ. ಆಪ್ತಸಮಾಲೋಚಕರೆಂದು ಫಲಕ ಹಾಕಿಕೊಂಡವರೆಲ್ಲ ತರಬೇತಿ ಪಡೆದವರಲ್ಲ ಎಂಬುದು ಆಮೇಲೆ ತಿಳಿಯಿತು. ಕ್ಲಿನಿಕಲ್ ಸೈಕಾಲಜಿಸ್ಟ್ ಆದವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ, ಅದನ್ನು ಕೇಳುವುದು ಅವಮಾನವಲ್ಲ. ಎರಡನೆಯ ಸಲ ಇಮೇಲ್‌ನಲ್ಲೇ ಸಮಯ ಗೊತ್ತುಮಾಡುವವರನ್ನು ಹುಡುಕಿದೆ. ಅವರಿಗೆ ಮೊದಲೇ ಎಲ್ಲವನ್ನೂ ಬರೆದು ಕಳುಹಿಸಿದ್ದೆ, ಆದ್ದರಿಂದ ಎದುರು ಕುಳಿತಾಗ ಅಳುವುದಕ್ಕಾದರೂ ಸಮಯ ಸಿಕ್ಕಿತು.

ತೀರಾ ಕಷ್ಟವಾದ ಒಂದು ರಾತ್ರಿ 14416ಕ್ಕೆ, ಅಂದರೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿದ್ದೆ. ಅದು ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತನಾಡಬಹುದು. ನಾನೂ ಮೊದಲ ಸಲ ಕತ್ತರಿಸಿದೆ. ಎರಡನೆಯ ಸಲ ಎರಡು ವಾಕ್ಯಗಳನ್ನು ಕಾಗದದಲ್ಲಿ ಬರೆದುಕೊಂಡು ಓದಿದೆ. ಓದುತ್ತಿದ್ದೇನೆ ಎಂದು ಅವರಿಗೆ ಗೊತ್ತಾಗಿರಬೇಕು, ನಿಧಾನವಾಗಿ ಓದಿ ಎಂದರು.

ಕೇಳಿದವರು

ಎಲ್ಲರಿಗೂ ವಂದನೆಗಳು. ನಮ್ಮ ತಾಲ್ಲೂಕಿಗೆ ಮಂಗಳವಾರವೇ ಬರುತ್ತಾರಂತೆ, ದೊಡ್ಡಮ್ಮನ ಮಗ ಜೊತೆಗೆ ಬರಲು ಒಪ್ಪಿದ್ದಾನೆ. ದಾವಣಗೆರೆಯವರಲ್ಲಿ ಒಂದು ಪ್ರಶ್ನೆ: ಕಾಗದವನ್ನು ಕನ್ನಡದಲ್ಲೇ ಬರೆಯಬಹುದೇ, ಮತ್ತು ಎಲ್ಲಿಂದ ಆರಂಭಿಸಿದಿರಿ? ನಾಲ್ಕು ಸಲ ಬರೆದು ಹರಿದುಹಾಕಿದ್ದೇನೆ.

ದಾವಣಗೆರೆಯಿಂದ

ಕನ್ನಡದಲ್ಲೇ ಬರೆಯಿರಿ. ಕಾಯಿಲೆಯ ಹೆಸರಿನಿಂದ ಆರಂಭಿಸಬೇಡಿ, ಅದನ್ನು ಹೇಳುವುದು ಅವರ ಕೆಲಸ. ಇತ್ತೀಚೆಗೆ ನಡೆದ ಒಂದು ಘಟನೆಯಿಂದ ಆರಂಭಿಸಿ, ಆ ಹೊತ್ತಿನಲ್ಲಿ ಮೈಯಲ್ಲಿ ಏನಾಯಿತು, ಮನಸ್ಸಿಗೆ ಏನು ತೋಚಿತು, ಅದರಿಂದ ಏನು ಕೈತಪ್ಪಿತು ಎಂದು ಬರೆಯಿರಿ. ಸಾಯಬೇಕೆಂಬ ಯೋಚನೆ ಎಂದಾದರೂ ಬಂದಿದ್ದರೆ ಅದನ್ನು ಮುಚ್ಚಿಡದೆ ಮೊದಲ ಪುಟದಲ್ಲೇ ಬರೆಯಿರಿ. ನನ್ನ ಕಾಗದದ ಮೊದಲ ಸಾಲು ಹೀಗಿತ್ತು: "ಸರ್, ಇದನ್ನು ನಿಮಗೆ ಕೊಡುವಾಗ ನನ್ನ ಕೈ ನಡುಗುತ್ತಿರುತ್ತದೆ, ನಾನು ಬಂದಿರುವುದು ಅದಕ್ಕಾಗಿಯೇ."