ಮುರ್ಡೇಶ್ವರಕ್ಕ ಶಾಲಿ ಟ್ರಿಪ್ಪು: ಶಾರ್ಕ್, ತೊರಕಿ ಮೀನಿಗೆ ಎಷ್ಟು ಹೆದರಬೇಕು?

ಪ್ರಶ್ನೆ (ಶಹಾಪುರ, ಬೆಳಗಾವಿ): ಸರ್, ನಮಸ್ಕಾರರೀ. ನೀವು ಸಮುದ್ರದ ಮೀನಿನ ಮ್ಯಾಲೆ ಕೆಲಸ ಮಾಡಾವ್ರು ಅಂತ ಗುಂಪಿನ್ಯಾಗ ಹೇಳಿದ್ರು, ಅದಕ್ಕ ಕೇಳಾಕತ್ತೀನಿ. ನನ್ನ ಮಗ ಎಂಟನೇತ್ತ. ಡಿಸೆಂಬರ್‌ದಾಗ ಶಾಲಿಯವ್ರು ಗೋಕರ್ಣ, ಮುರ್ಡೇಶ್ವರಕ್ಕ ಕರ್ಕೊಂಡು ಹೊಂಟಾರ. ಇವ ಮೊಬೈಲ್‌ನ್ಯಾಗ ಶಾರ್ಕ್ ವಿಡಿಯೊ ನೋಡಿ ನೋಡಿ ನೀರಿಗೆ ಇಳಿಯಾಂಗಿಲ್ಲ ಅಂತಾನ. ಅವನ ಸೋದರಮಾವ ಬ್ಯಾರೆ, ತೊರಕಿ ಮೀನಿನ ಬಾಲ ಬಡದ್ರ ಮನಷ್ಯಾ ಸಾಯ್ತಾನ ಅಂತ ಹೆದರಿಸ್ಯಾನ. ಖರೇನ ಏನ್ರಿ?

ಉತ್ತರ (ಸಮುದ್ರ ಜೀವಶಾಸ್ತ್ರ ಸಂಶೋಧಕ; ಊರು ಬೈಲಹೊಂಗಲ, ಕೆಲಸ ಕಾರವಾರದಲ್ಲಿ): ನಮಸ್ಕಾರ ಅಕ್ಕಾರ. ಶಾರ್ಕ್ ಬಗ್ಗೆ ಮೊದಲು ಹೇಳಿ ಮುಗಿಸಿಬಿಡ್ತೀನಿ. ಜಗತ್ತಿನಲ್ಲಿ 500ಕ್ಕೂ ಹೆಚ್ಚು ಜಾತಿಯ ಶಾರ್ಕ್‌ಗಳಿವೆ. ಮನುಷ್ಯರ ಜೀವ ತೆಗೆದ ದಾಖಲೆಗಳಲ್ಲಿ ಬಹುಪಾಲು ಮೂರೇ ಜಾತಿಯವು: ಗ್ರೇಟ್ ವೈಟ್, ಟೈಗರ್, ಬುಲ್. ಇಡೀ ಜಗತ್ತಿನ ಶಾರ್ಕ್ ಕಡಿತಗಳ ಲೆಕ್ಕವನ್ನು ಅಮೆರಿಕದ ಫ್ಲೋರಿಡಾದಲ್ಲಿ ಇಡುತ್ತಾರೆ. ಮನುಷ್ಯ ಕೆಣಕದೇ ಇದ್ದಾಗ ಕಚ್ಚಿದ್ದು 2023ರಲ್ಲಿ 69 ಸಲ, 2024ರಲ್ಲಿ 47 ಸಲ. ಅದರಲ್ಲೂ ಹೆಚ್ಚಿನವು ಅಮೆರಿಕ, ಆಸ್ಟ್ರೇಲಿಯಾ ಕಡೆಯವು. ನಮ್ಮ ಬೆಳಗಾವಿ ಮಾರ್ಕೆಟ್ಟಿಗೆ ಮೋರಿ ಅಂತ ಬರ್ತದಲ್ಲ, ಅದೂ ಶಾರ್ಕೇ. ಪಶ್ಚಿಮ ಕರಾವಳಿಯಲ್ಲಿ ಬಲೆಗೆ ಹೆಚ್ಚು ಬೀಳುವ ಜಾತಿ ಒಂದು ಮೀಟರ್ ಉದ್ದ ಕೂಡ ಬೆಳೆಯೋದಿಲ್ಲ, ಸಿಗಡಿ, ಸಣ್ಣ ಮೀನು ತಿಂದು ಬದುಕುತ್ತದೆ. ಎಲ್ಲಕ್ಕಿಂತ ದೊಡ್ಡದು ತಿಮಿಂಗಿಲ ಶಾರ್ಕ್, 18 ಮೀಟರ್‌ವರೆಗೆ ಬೆಳೆದದ್ದಿದೆ. ಅದು ನೀರು ಸೋಸಿ, ತೇಲುವ ಸಣ್ಣ ಜೀವಿಗಳನ್ನು ತಿನ್ನುವ ಪ್ರಾಣಿ. ಮನುಷ್ಯನ ಗೊಡವೆ ಅದಕ್ಕಿಲ್ಲ.

ತೊರಕೆ, ಅಂದರೆ ಚಪ್ಪಟೆ ಮೈಯ, ಉದ್ದ ಬಾಲದ ಸ್ಟಿಂಗ್‌ರೇ ಮೀನು. ಅದರ ವಿಷಯದಲ್ಲಿ ನಿಮ್ಮ ತಮ್ಮನ ಮಾತು ಪೂರ್ತಿ ಸುಳ್ಳಲ್ಲ. ಟಿವಿಯಲ್ಲಿ ಕಾಡುಪ್ರಾಣಿಗಳ ಕಾರ್ಯಕ್ರಮ ಮಾಡ್ತಿದ್ದ ಆಸ್ಟ್ರೇಲಿಯಾದ ಸ್ಟೀವ್ ಇರ್ವಿನ್ 2006ರ ಸೆಪ್ಟೆಂಬರ್ 4ರಂದು ತೀರಿಕೊಂಡದ್ದು ತೊರಕೆಯ ಮುಳ್ಳು ಎದೆಗೆ ಚುಚ್ಚಿದ್ದರಿಂದಲೇ. ಆದರೆ ಅಂಥ ಸಾವು ಬಹಳ ಅಪರೂಪ. ಸಾಮಾನ್ಯವಾಗಿ ಆಗೋದು ಹೀಗೆ: ತೊರಕೆ ತೆಳು ನೀರಿನಲ್ಲಿ ಉಸುಕು ಹೊದ್ದು ಮಲಗಿರ್ತದೆ, ಕಾಣೋದಿಲ್ಲ. ಅದರ ಬೆನ್ನ ಮೇಲೆ ಕಾಲಿಟ್ಟರೆ ಬಾಲ ಎತ್ತಿ ಬಡೀತದೆ. ಬಾಲದ ಮುಳ್ಳಿಗೆ ಗರಗಸದಂಥ ಹಲ್ಲು, ಮೇಲೆ ವಿಷದ ಪೊರೆ. ಪಾದಕ್ಕೋ ಹಿಮ್ಮಡಿಗೋ ಚುಚ್ಚಿದರೆ ತಡೆಯಲಾರದ ನೋವು. ದಾಳಿ ಮಾಡೋ ಪ್ರಾಣಿ ಅಲ್ಲರೀ ಅದು, ತುಳಿಸಿಕೊಂಡ ಪ್ರಾಣಿ.

ಅದಕ್ಕೇ ಮಗನಿಗೆ ಒಂದು ನಡಿಗೆ ಕಲಿಸಿ ಕಳಿಸ್ರಿ. ನೀರಿನಲ್ಲಿ ಹೆಜ್ಜೆ ಎತ್ತಿಡದೆ, ಉಸುಕಿನ ಮೇಲೆ ಕಾಲು ಎಳೀತಾ ನಡೀಬೇಕು. ಉಸುಕು ಕದಡಿದ್ದು ತಿಳಿದ ಕೂಡಲೇ ತೊರಕೆ ತಾನೇ ಸರಿದು ಹೋಗ್ತದೆ.

ಇದೇ ಆಕಾರದ ಸ್ಕೇಟ್ ಅನ್ನೋ ಮೀನುಗಳಿಗೆ ಬಾಲದಲ್ಲಿ ವಿಷದ ಮುಳ್ಳಿಲ್ಲ. ಕರೆಂಟ್ ಹೊಡೆಯುವ ತೊರಕೆಗಳೂ ಇವೆ. ಸತ್ತಂತೆ ಕಂಡರೂ ಮುಟ್ಟಬಾರದು, ಅಷ್ಟೇ.

ಪ್ರಶ್ನೆ (ಗೋಕಾಕ): ನಮ್ಮ ಕಡೆ ಚೇಳು ಕಡದ್ರ ಮ್ಯಾಲೆ ದಾರ ಬಿಗದು ಕಟ್ತಾರ, ಸುಣ್ಣ ಹಚ್ತಾರ. ತೊರಕಿ ಚುಚ್ಚಿದ್ರೂ ಹಂಗ ಮಾಡಬೇಕೇನ್ರಿ?

ಉತ್ತರ: ಬೇಡರೀ, ದಯವಿಟ್ಟು ಬೇಡ. ಕಟ್ಟಬಾರದು, ಕೊಯ್ಯಬಾರದು, ಸುಣ್ಣ, ತಂಬಾಕು, ಅರಿಷಿಣ ಏನೂ ತುಂಬಬಾರದು. ಬೇಕಾದ್ದು ಬಿಸಿನೀರು. ತೊರಕೆಯ ವಿಷ ಶಾಖಕ್ಕೆ ಕೆಡುವಂಥದ್ದು. ಸುಮಾರು 45 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ, ಅಂದರೆ ಚರ್ಮ ಸುಡದೆ ತಡೆದುಕೊಳ್ಳುವಷ್ಟು ಬಿಸಿಯಲ್ಲಿ, ಕಾಲನ್ನು 30ರಿಂದ 90 ನಿಮಿಷ ಇಟ್ಟರೆ ನೋವು ಗಣನೀಯವಾಗಿ ಇಳೀತದೆ. ಒಂದು ಎಚ್ಚರ: ನೀರಿನ ಬಿಸಿಯನ್ನು ಬೇರೆಯವರು ಕೈ ಇಟ್ಟು ನೋಡಬೇಕು. ನೋವಿನಲ್ಲಿ ಇರುವವರಿಗೆ ಸುಡೋದು ಗೊತ್ತಾಗೋದಿಲ್ಲ. ಬೀಚಿನ ಚಹಾ ಅಂಗಡಿಯಲ್ಲಿ ಕೇಳಿದರೆ ಬಿಸಿನೀರು ಸಿಗ್ತದೆ, ಸಂಕೋಚ ಮಾಡಬ್ಯಾಡ್ರಿ.

ರಕ್ತ ಬಹಳ ಹೋಗ್ತಿದ್ದರೆ ಮೊದಲು ಬಟ್ಟೆ ಒತ್ತಿ ಹಿಡೀಬೇಕು. ಎದೆ, ಹೊಟ್ಟೆ, ಕುತ್ತಿಗೆಗೆ ಮುಳ್ಳು ಹೊಕ್ಕಿದ್ದರೆ ಅದನ್ನು ಕೀಳದೆ ಹಾಗೇ ಆಸ್ಪತ್ರೆಗೆ ಒಯ್ಯಬೇಕು. ಕಾಲಿಗೆ ಚುಚ್ಚಿ ನೋವು ಇಳಿದಿದ್ದರೂ ಆಸ್ಪತ್ರೆ ತಪ್ಪಿಸಬ್ಯಾಡ್ರಿ. ಮುಳ್ಳಿನ ಚೂರು ಒಳಗೆ ಉಳಿದು ಕೀವಾಗ್ತದೆ, ಟೆಟನಸ್ ಇಂಜೆಕ್ಷನ್ನೂ ಬೇಕು. ಇಲ್ಲಿನ ಬೋಟಿನವರಲ್ಲಿ ಬಲೆ ಬಿಡಿಸುವಾಗ ಚುಚ್ಚಿಸಿಕೊಂಡವರನ್ನು ಕಂಡಿದ್ದೀನಿ. ಗಾಯವನ್ನು ಸಣ್ಣದು ಅಂತ ಬಿಟ್ಟವರೇ ಹೆಚ್ಚು ದಿನ ನರಳಿದರು.

ಪ್ರಶ್ನೆ (ನಿಡಗುಂದಿ, ವಿಜಯಪುರ): ಬುಲ್ ಶಾರ್ಕ್ ಹೊಳಿ ನೀರಾಗೂ ಬರ್ತಾವಂತ ಓದೀನ್ರಿ. ನಮ್ಮ ಹುಡುಗ್ರು ಆಲಮಟ್ಟಿ ಹಿನ್ನೀರಾಗ ಈಜ್ತಾರ...

ಉತ್ತರ: ಓದಿದ್ದು ಖರೆ ಅಣ್ಣಾರ. ಬುಲ್ ಶಾರ್ಕ್ ಸಿಹಿನೀರಿನಲ್ಲೂ ಬದುಕಬಲ್ಲದು, ಅಮೆಜಾನ್ ನದಿಯಲ್ಲಿ ಸಾವಿರಾರು ಕಿಲೋಮೀಟರ್ ಒಳಗೆ ಸಿಕ್ಕಿದೆ. ನಮ್ಮ ಹತ್ತಿರದ್ದೇ ಹೇಳಬೇಕಂದರೆ, 2024ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ಪಾಲಘರ ಜಿಲ್ಲೆಯ ವೈತರಣಾ ನದಿಯಲ್ಲಿ ಶಾರ್ಕ್ ಒಬ್ಬರ ಕಾಲು ಕಚ್ಚಿ ಗಾಯಗೊಳಿಸಿತ್ತು. ಆದರೆ ಅದು ಉಬ್ಬರದ ನೀರು ನುಗ್ಗುವ ಜಾಗ. ಕೃಷ್ಣೆಯ ಮಾತು ಬೇರೆ. ಬಂಗಾಳ ಕೊಲ್ಲಿಯಿಂದ ಆಲಮಟ್ಟಿಗೆ ಬರಬೇಕಾದರೆ ಪ್ರಕಾಶಂ ಬ್ಯಾರೇಜು, ನಾಗಾರ್ಜುನಸಾಗರ, ಶ್ರೀಶೈಲ, ಜುರಾಲಾ, ನಾರಾಯಣಪುರ ಎಲ್ಲ ದಾಟಬೇಕು. ಸಾಧ್ಯವಿಲ್ಲ. ಕೃಷ್ಣೆಯಲ್ಲಿ ಮೊಸಳೆ ಇರೋದು ನಿಮಗೇ ಗೊತ್ತು. ಹುಡುಗರಿಗೆ ಅದರ ಎಚ್ಚರ ಹೇಳ್ರಿ.

ಪ್ರಶ್ನೆ (ಖಾನಾಪುರ): ಮೋರಿ ಮಸಾಲಾ ನಮ್ಮನಿಯಾಗ ಭಾಳ ಇಷ್ಟ. ಸೊಸಿ ಈಗ ಬಸುರಿ. ತಿನ್ನಬಹುದೇನ್ರಿ?

ಉತ್ತರ: ಸೊಸೆಗೆ ಬೇಡ, ಸಣ್ಣ ಮಕ್ಕಳಿಗೂ ಬೇಡ. ಶಾರ್ಕ್ ಮಾಂಸದಲ್ಲಿ ಪಾದರಸ ಹೆಚ್ಚು ಸೇರಿರ್ತದೆ, ಹೊಟ್ಟೆಯೊಳಗಿನ ಕೂಸಿನ ಮಿದುಳಿಗೆ ಅದು ಒಳ್ಳೇದಲ್ಲ. ಬಂಗಡೆ, ತಾರ್ಲಿ ಕೊಡ್ರಿ.

ಕೇಳಿದ್ದಕ್ಕೆ ಇನ್ನೊಂದು ಮಾತು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 10 ಕೋಟಿ ಶಾರ್ಕ್‌ಗಳು ಮನುಷ್ಯನ ಕೈಯಲ್ಲಿ ಸಾಯ್ತಾವೆ ಅಂತ ವಿಜ್ಞಾನಿಗಳು 2013ರಲ್ಲಿ ಅಂದಾಜು ಮಾಡಿದ್ದರು. ಶಾರ್ಕ್, ತೊರಕೆ ಜಾತಿಗಳಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಅಳಿವಿನ ಭಯದಲ್ಲಿವೆ. ಇವು ಬೆಳೆಯೋದು ನಿಧಾನ, ಮರಿ ಹಾಕೋದು ಕಡಿಮೆ. ತಿಮಿಂಗಿಲ ಶಾರ್ಕ್‌ಗೆ ನಮ್ಮ ದೇಶದಲ್ಲಿ 2001ರಿಂದ ಕಾನೂನಿನ ರಕ್ಷಣೆ ಇದೆ, ಶಾರ್ಕ್ ರೆಕ್ಕೆಯ ರಫ್ತು 2015ರಲ್ಲಿ ನಿಂತಿತು. ಎಲ್ಲ ಮೋರಿಯೂ ನಿಷಿದ್ಧ ಅಲ್ಲ. ಆದರೂ ಗೇಣುದ್ದದ ಮರಿಗಳನ್ನು ಬುಟ್ಟಿಯಲ್ಲಿ ಕಂಡಾಗ ಕೊಳ್ಳದೆ ಮುಂದೆ ಹೋಗ್ರಿ ಅಂತ ಕೈ ಮುಗಿದು ಕೇಳ್ತೀನಿ.

ಮರುಪ್ರಶ್ನೆ (ಶಹಾಪುರ): ಮಗಾ ಓದಿ ಸಮಾಧಾನ ಆಗ್ಯಾನ್ರಿ. ಹಂಗಾರ ನೀರಿಗೆ ಬಿಡಬಹುದಲ್ರಿ?

ಉತ್ತರ: ಮೀನಿನ ಲೆಕ್ಕದಲ್ಲಿ ಬಿಡಬಹುದು. ನನಗೆ ಭಯ ಇರೋದು ನೀರಿನ ಸೆಳೆತದ್ದು. 2024ರ ಡಿಸೆಂಬರಿನಲ್ಲಿ ಇದೇ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ಕು ಹೆಣ್ಣುಮಕ್ಕಳು ಮುಳುಗಿ ತೀರಿಕೊಂಡರು. ಅಲ್ಲಿ ಯಾವ ಶಾರ್ಕೂ ಇರಲಿಲ್ಲ. ದಂಡೆಗೆ ಬಂದ ನೀರು ಒಂದೇ ಕಡೆಯಿಂದ ಜೋರಾಗಿ ಸಮುದ್ರಕ್ಕೆ ಮರಳ್ತದೆ, ಅದರಲ್ಲಿ ಸಿಕ್ಕವರು ದಂಡೆ ಕಡೆಗೇ ಎದುರು ಈಜಿ ಸೋತುಹೋಗ್ತಾರೆ. ಈಜು ಬರುವವರು ದಂಡೆಗೆ ಸಮನಾಗಿ ಅಡ್ಡ ಈಜಿ ಹೊರಬರಬೇಕು. ಬರದವರು ಮೊಣಕಾಲು ದಾಟಿ ಹೋಗಲೇಬಾರದು.

ಹಣ ಕಟ್ಟೋ ಮೊದಲು ಮಾಸ್ತರರನ್ನು ಕೇಳ್ರಿ: ಜೀವರಕ್ಷಕರು ಇರುವ ಜಾಗದಲ್ಲೇ ಇಳಿಸ್ತೀರೇನು, ಎಷ್ಟು ಮಕ್ಕಳಿಗೆ ಒಬ್ಬ ಮಾಸ್ತರ, ಕೆಂಪು ಬಾವುಟ ಇದ್ದರೆ ಏನು ಮಾಡ್ತೀರಿ? ಮೂರಕ್ಕೂ ಸರಿ ಉತ್ತರ ಸಿಕ್ಕರೆ ಸಂತೋಷದಿಂದ ಕಳಿಸ್ರಿ.