ಅವ್ವನ ಬಗಲ್ ಪೀಸು: ಹೆಸರಿಲ್ಲದ ಒಂದು ಕಟಿಂಗನ್ನು ದಾಖಲಿಸುವುದು ಹೇಗೆ?

ನಿಟುವಳ್ಳಿ ಸೂಜಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಹೊಲಿಗೆ, ಬಟ್ಟೆ, ಉಡುಪಿನ ಚರಿತ್ರೆ ಗೊತ್ತಿರುವವರು ದಯವಿಟ್ಟು ಪೂರ್ತಿ ಓದಿ. ಸ್ವಲ್ಪ ಉದ್ದ ಇದೆ.

ನಮ್ಮವ್ವ ತೀರಿಕೊಂಡು ಎಂಟು ತಿಂಗಳಾಯಿತು. ನಲವತ್ತು ವರ್ಷ ಮನೆಯ ಪಡಸಾಲೆಯಲ್ಲೇ ಮಿಷನ್ ಇಟ್ಟುಕೊಂಡು ಬ್ಲೌಸ್ ಹೊಲಿದಳು. ಹೊರಗೆ ಬೋರ್ಡ್ ಇರಲಿಲ್ಲ. ಅಪ್ಪ ಕಾಟನ್ ಮಿಲ್ಲಿನಲ್ಲಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಮ್ಮೆಯಿಂದ ಕರೆಯುತ್ತಿದ್ದ ಕಾಲ ಅದು. ಮಿಲ್ಲು ನಿಂತಿತು. ಆಮೇಲೆ ನಮ್ಮ ಫೀಸು, ರೇಷನ್, ಅಕ್ಕನ ಮದುವೆ ಎಲ್ಲಾ ಆ ಮಿಷನ್ನಿನಿಂದಲೇ ಆಗಿದ್ದು.

ಹೋದ ವಾರ ಅವಳ ಟ್ರಂಕ್ ತೆಗೆದೆ. ಹನ್ನೊಂದು ಅಳತೆ ಪುಸ್ತಕ ಸಿಕ್ಕವು. ಒಂದೊಂದು ಪುಟ ಒಬ್ಬೊಬ್ಬರದು. ಆದರೆ ಹೆಸರು ಕಡಿಮೆ. "ಭಟ್ಟಿ ಮೂಲೆ ಮನೆ", "ಟೀಚರ್ ತಂಗಿ", "ಬಾಳೆಹಣ್ಣಿನ ಅಮ್ಮ" ಅಂತ ಬರೆದುಕೊಂಡಿದ್ದಾಳೆ. ಕೆಳಗೆ ಎದೆ, ಸೊಂಟ, ಭುಜ, ತೋಳುದ್ದ. ಪಕ್ಕದಲ್ಲಿ ಬಟ್ಟೆಯ ಒಂದು ಚೂರು, ಗುಂಡುಪಿನ್ನು ಚುಚ್ಚಿ ಸಿಕ್ಕಿಸಿದ್ದು. ಪುಸ್ತಕಗಳ ಕೆಳಗೆ ಕಾಗದದಲ್ಲಿ ಕತ್ತರಿಸಿದ ಬ್ಲೌಸ್ ಮಾದರಿಗಳ ಒಂದು ಕಟ್ಟು. ಜೊತೆಗೆ ಮಂಜರಪಾಟಿನಲ್ಲಿ, ಅಂದರೆ ಸಾದಾ ಒರಟು ಹತ್ತಿ ಬಟ್ಟೆಯಲ್ಲಿ, ಕತ್ತರಿಸಿ ನೋಡಿದ ತುಂಡುಗಳು.

ನನ್ನ ಪ್ರಶ್ನೆ ಇರುವುದು ಒಂದು ಸಣ್ಣ ತುಂಡಿನ ಬಗ್ಗೆ.

ನಮ್ಮಜ್ಜಿ ಗುಳೇದಗುಡ್ಡದ ಖಣದ ಕುಬಸ ತೊಡುತ್ತಿದ್ದಳು. ಅವಳ ಕುಬಸಕ್ಕೆ ಕಂಕುಳಲ್ಲಿ ಒಂದು ಚೌಕದ ತುಂಡು ಇರುತ್ತಿತ್ತು. ಕೈ ಎಷ್ಟು ಮೇಲೆತ್ತಿದರೂ ಕುಬಸ ಹಿಡಿಯುತ್ತಿರಲಿಲ್ಲ. ಅವ್ವನ ಕಾಲಕ್ಕೆ ಹುಕ್ಸಿನ ಬ್ಲೌಸ್ ಬಂತು. ಮೈಗಂಟಿದ ತೋಳು ಬಂತು. ಆ ಚೌಕ ಮಾಯವಾಯಿತು.

ಅವ್ವನ ಹತ್ತಿರ ಜಾಸ್ತಿ ಬರುತ್ತಿದ್ದವರು ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಹೆಂಗಸರು. ಮೂಟೆ ಎತ್ತುವುದು, ಜರಡಿ ಹಿಡಿಯುವುದು, ಬೆಂಕಿಯ ಶಾಖ, ಬೆವರು. ಎಲ್ಲರ ಬ್ಲೌಸೂ ಒಂದೇ ಜಾಗದಲ್ಲಿ ಹರಿಯುತ್ತಿತ್ತು, ಕಂಕುಳಲ್ಲಿ. ಹರಿದದ್ದನ್ನು ಹೊಲಿದು ಹೊಲಿದು ಅವ್ವನಿಗೆ ಸಾಕಾಯಿತು. ಒಂದು ಮಧ್ಯಾಹ್ನ ನನ್ನನ್ನೂ ಕರೆದುಕೊಂಡು ಭಟ್ಟಿಗೆ ಹೋಗಿ ಕೂತಳು. ನನಗಾಗ ಒಂಬತ್ತು ವರ್ಷ. ಬಿಸಿ ಮಂಡಕ್ಕಿ ತಿನ್ನುತ್ತಾ ಕೂತಿದ್ದೆ. ಅವಳು ಮಾತ್ರ ಅವರ ಕೈಗಳನ್ನೇ ನೋಡುತ್ತಿದ್ದಳು. ಮನೆಗೆ ಬಂದವಳೇ ಅಜ್ಜಿಯ ಹಳೇ ಕುಬಸದ ಹೊಲಿಗೆ ಬಿಚ್ಚಿದಳು.

ಆಮೇಲೆ ಅವಳು ಮಾಡಿದ ತುಂಡು ಚೌಕ ಅಲ್ಲ. ಮಾವಿನ ಎಲೆಯ ಹಾಗಿದೆ. ಎರಡೂ ತುದಿ ಚೂಪು, ನಡುವೆ ಎರಡು ಇಂಚು ಅಗಲ. ತೋಳಿನ ಹೊಲಿಗೆಯೂ ಪಕ್ಕದ ಹೊಲಿಗೆಯೂ ಸೇರುವಲ್ಲಿ ಕೂರುತ್ತದೆ. ಕೈ ಇಳಿಸಿದರೆ ಕಾಣುವುದೇ ಇಲ್ಲ. ಬ್ಲೌಸ್ ಮೈಗಂಟಿದ ಹಾಗೇ ಇರುತ್ತದೆ, ಕೈ ಎತ್ತಿದರೆ ಬಿಚ್ಚಿಕೊಳ್ಳುತ್ತದೆ. ಭಟ್ಟಿ ಹೆಂಗಸರು ಅದಕ್ಕೆ ಬಗಲ್ ಪೀಸು ಅಂದರು.

ಪೇಟೆಯ ಒಂದು ಅಂಗಡಿಯವರು ಅವ್ವನಿಗೆ ಪೀಸ್ ಲೆಕ್ಕದಲ್ಲಿ ಕೆಲಸ ಕೊಡುತ್ತಿದ್ದರು. ಅವರು ಇದನ್ನು ನೋಡಿ ಮಾದರಿ ತೆಗೆದುಕೊಂಡು ಹೋದರು. ಆಮೇಲೆ ವರ್ಷಗಟ್ಟಲೆ ತಮ್ಮ ಅಂಗಡಿಯ ಸ್ಪೆಷಲ್ ಕಟಿಂಗ್ ಅಂತ ಮಾರಿದರು. ಅವ್ವನಿಗೆ ಹೊಲಿದ ಕೂಲಿ ಮಾತ್ರ ಬಂತು. ಒಂದೇ ಒಂದು ಸಲ ಕೇಳಿದಳಂತೆ. ಅವತ್ತು ಮನೆಗೆ ಬಂದು ಊಟ ಮಾಡದೆ ಮಲಗಿದ್ದು ನನಗೆ ನೆನಪಿದೆ.

ಕೊಲ್ಹಾಪುರದ ಭಾನು ಅಥೈಯಾ ಬಗ್ಗೆ ಓದಿದ್ದೆ. ಗಾಂಧಿ ಚಿತ್ರದ ವಸ್ತ್ರವಿನ್ಯಾಸಕ್ಕೆ 1983ರಲ್ಲಿ ಆಸ್ಕರ್ ಪಡೆದವರು, ಭಾರತಕ್ಕೆ ಮೊದಲ ಆಸ್ಕರ್ ತಂದವರು. ತಮ್ಮ ನಂತರ ಅದು ಜೋಪಾನವಾಗಿ ಇರಬೇಕು ಅಂತ 2012ರಲ್ಲಿ ಅಕಾಡೆಮಿಗೇ ವಾಪಸ್ ಕೊಟ್ಟರು. ಅಷ್ಟು ದೊಡ್ಡವರಿಗೇ ಆ ಚಿಂತೆ ಇತ್ತು. ನನ್ನ ಹತ್ತಿರ ಇರುವುದು ಒಂದು ಟ್ರಂಕು. ಇದನ್ನು ಎಲ್ಲಿಡಲಿ, ಹೇಗೆ ಇಡಲಿ? ಅವ್ವನನ್ನು ಡಿಸೈನರ್ ಅಂತ ಕರೆಯಬಹುದಾ?

---

ಹಾಸುಹೊಕ್ಕು, ದಾವಣಗೆರೆ

ಅಕ್ಕಾ, ನಾನು ಜವಳಿ ವಿಷಯ ಪಾಠ ಮಾಡುವವಳು. ಮೊದಲು ಇವತ್ತೇ ಆ ಗುಂಡುಪಿನ್ನುಗಳನ್ನು ತೆಗೆಯಿರಿ. ತುಕ್ಕು ಬಟ್ಟೆಯನ್ನೂ ತಿನ್ನುತ್ತದೆ, ಕಾಗದವನ್ನೂ ತಿನ್ನುತ್ತದೆ. ಬದಲಿಗೆ ದಾರದಲ್ಲಿ ಎರಡು ಹೊಲಿಗೆ ಹಾಕಿ, ಚೂರು ಅದೇ ಪುಟದಲ್ಲೇ ಇರಲಿ. ಸೆಲ್ಲೋಟೇಪ್ ಹಚ್ಚಬೇಡಿ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಗಂಜಿ ಹೋಗುವ ಹಾಗೆ ಒಗೆದು ಒಣಗಿಸಿದ ಮಲ್ ಬಟ್ಟೆಯಲ್ಲಿ ಸುತ್ತಿಡಿ. ಮಂಜರಪಾಟಿನ ತುಂಡುಗಳನ್ನು ಆರು ತಿಂಗಳಿಗೊಮ್ಮೆ ಬೇರೆ ಕಡೆ ಮಡಚಿ. ಒಂದೇ ಮಡಿಕೆಯಲ್ಲಿ ಬಿಟ್ಟರೆ ಅಲ್ಲೇ ಸೀಳುತ್ತವೆ.

ಇನ್ನು ಡಿಸೈನರ್ ಮಾತು. ಮಡ್ಲೆನ್ ವಿಯೊನೆ ಅಂತ ಫ್ರಾನ್ಸಿನವರು, 1876ರಲ್ಲಿ ಹುಟ್ಟಿದವರು. ಚಿಕ್ಕ ಹುಡುಗಿಯಾಗಿದ್ದಾಗಲೇ ಹೊಲಿಗೆ ಕೆಲಸಕ್ಕೆ ಸೇರಿದರು. 1912ರಲ್ಲಿ ಪ್ಯಾರಿಸ್‌ನಲ್ಲಿ ಸ್ವಂತ ಅಂಗಡಿ ತೆರೆದರು. ನಮ್ಮ ಟೈಲರ್‌ಗಳು ಕ್ರಾಸ್ ಕಟಿಂಗ್ ಅನ್ನುತ್ತಾರಲ್ವಾ, ಹಾಸಿಗೂ (ಉದ್ದದ ನೂಲು) ಹೊಕ್ಕಿಗೂ (ಅಡ್ಡ ನೂಲು) ನಡುವೆ 45 ಡಿಗ್ರಿ ಓರೆಯಾಗಿ ಬಟ್ಟೆ ಇಟ್ಟು ಕತ್ತರಿಸುವುದು? ಓರೆಯಲ್ಲಿ ಬಟ್ಟೆ ಹಿಗ್ಗುತ್ತದೆ, ಮೈಯ ಮೇಲೆ ತಾನೇ ಕೂರುತ್ತದೆ. ಕ್ರಾಸ್ ಮೊದಲೂ ಇತ್ತು, ಪಟ್ಟಿಗೆ ಮತ್ತು ಕಾಲರಿಗೆ. ವಿಯೊನೆ ಇಡೀ ಉಡುಪನ್ನೇ ಕ್ರಾಸ್‌ನಲ್ಲಿ ಕತ್ತರಿಸಿದರು. ಕಾಗದದ ಮೇಲೆ ಚಿತ್ರ ಬರೆದು ಮಾಡಿದ್ದಲ್ಲ, ಮರದ ಒಂದು ಪುಟ್ಟ ಗೊಂಬೆಯ ಮೇಲೆ ಬಟ್ಟೆ ಸುತ್ತಿ ಸುತ್ತಿ ನೋಡಿದರು. ನಿಮ್ಮವ್ವನ ಮಂಜರಪಾಟಿನ ತುಂಡುಗಳ ವಿಷಯ ಓದಿದ ತಕ್ಷಣ ನನಗೆ ಆ ಗೊಂಬೆ ನೆನಪಾಯಿತು.

ಅವರ ಉಡುಪುಗಳನ್ನೂ ಕದ್ದು ನಕಲು ಮಾಡುತ್ತಿದ್ದರು. ಅದಕ್ಕೆ ಲೇಬಲ್ ಮೇಲೆ ತಮ್ಮ ಹೆಬ್ಬೆರಳಿನ ಗುರುತು ಒತ್ತಿದರು. ಪ್ರತಿ ಉಡುಪಿಗೂ ಮುಂದೆ, ಪಕ್ಕ, ಹಿಂದೆ ಮೂರೂ ಕಡೆಯಿಂದ ಫೋಟೋ ತೆಗೆಸಿ ಆಲ್ಬಂ ಮಾಡಿಸಿದರು. 1952ರಲ್ಲಿ ಉಡುಪು, ಆಲ್ಬಂ ಎಲ್ಲಾ ಸಂಗ್ರಹಕ್ಕೆ ಕೊಟ್ಟರು. ಆ ಆಲ್ಬಂ ಇರುವುದರಿಂದ ಇವತ್ತಿಗೂ ಯಾವುದು ಅವರದು ಅಂತ ಹೇಳಬಹುದು. ನೀವೂ ಹಾಗೇ ಮಾಡಿ. ಬಗಲ್ ಪೀಸಿನ ಬ್ಲೌಸ್ ಒಂದಾದರೂ ಹುಡುಕಿ, ಮೂರು ಕಡೆಯಿಂದ ಫೋಟೋ ತೆಗೆಯಿರಿ. ಒಳಮೈ ತಿರುಗಿಸಿ ಹೊಲಿಗೆಯದೂ ಒಂದು ತೆಗೆಯಿರಿ.

---

ಹಳೇ ಕತ್ತರಿ, ದಾವಣಗೆರೆ

ತಂಗಿ, ನಾನು ನಲವತ್ತೆರಡು ವರ್ಷ ಪ್ಯಾಂಟು, ಶರ್ಟು, ಜುಬ್ಬಾ ಹೊಲಿದವನು. ನಿಮ್ಮ ತಾಯಿಯವರ ಬಗ್ಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಕಂಕುಳಿಗೆ ತುಂಡು ಕೊಡುವುದು ಹೊಸದಲ್ಲ. ಹಳೇ ಜುಬ್ಬಾಗಳಿಗೆ ನಾವೂ ಹಾಕುತ್ತಿದ್ದೆವು. ಅಜ್ಜಿ ಕುಬಸದಲ್ಲೂ ಇತ್ತು ಅಂತ ನೀವೇ ಬರೆದಿದ್ದೀರಿ. ಹಾಗಿರುವಾಗ ಅವ್ವನೇ ಕಂಡುಹಿಡಿದಳು ಅಂತ ಬರೆದುಬಿಟ್ಟರೆ, ನಾಳೆ ತಿಳಿದವರು ಯಾರಾದರೂ ತಪ್ಪು ತೋರಿಸುತ್ತಾರೆ. ಆಗ ಅವರು ನಿಜವಾಗಿ ಮಾಡಿದ್ದಕ್ಕೂ ಬೆಲೆ ಹೋಗುತ್ತದೆ. ಆ ಎಲೆ ತುಂಡು ನೇರ ನೂಲಿನಲ್ಲಿ ಕತ್ತರಿಸಿದ್ದಾ, ಕ್ರಾಸ್‌ನಲ್ಲಾ? ಅದನ್ನು ನೋಡಿ ಹೇಳಿ.

---

ಮೊಳಕಾಲ್ಮೂರಿನವಳು, ಚಿತ್ರದುರ್ಗ ಜಿಲ್ಲೆ

ಓದಿ ಕಣ್ಣು ತುಂಬಿತು ಅಕ್ಕಾ. ನಮ್ಮದು ರೇಷ್ಮೆ ಮಗ್ಗದ ಮನೆ. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ, ಊರಿನ ಹೆಸರು ಉಳಿಯಿತು. ಆದರೆ ನಮ್ಮ ಮನೆಯ ಸೀರೆಗಳ ಬಣ್ಣ ಜೋಡಿಸಿದ್ದೆಲ್ಲಾ ನಮ್ಮತ್ತೆ. ಅಂಚಿಗೆ ಯಾವುದು, ಒಡಲಿಗೆ ಯಾವುದು ಅಂತ ಅವರು ಬಾಗಿಲ ಬೆಳಕಿನಲ್ಲಿ ಎರಡು ಲಡಿ ಹಿಡಿದು ನೋಡಿ ಹೇಳಬೇಕು. ಆಮೇಲೇ ಹಾಸು ಹೂಡುತ್ತಿದ್ದದ್ದು. ನೇಕಾರರ ಕಾರ್ಡ್ ಮಾತ್ರ ಮಾವನ ಹೆಸರಿನಲ್ಲಿ. ಅತ್ತೆಯ ಹೆಸರು ರೇಷನ್ ಕಾರ್ಡಿನಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ. ನಿಮ್ಮ ಪೋಸ್ಟ್ ನೋಡಿ ನಾನು ಇವತ್ತು ಒಂದು ನೋಟ್‌ಬುಕ್ ತಂದೆ. ಅತ್ತೆ ಇನ್ನೂ ಗಟ್ಟಿಯಾಗಿದ್ದಾರೆ, ಕೇಳಿ ಕೇಳಿ ಬರೆಯುತ್ತೇನೆ.

ಅಮೆರಿಕದ ಆನ್ ಲೋ ಅನ್ನುವವರ ಬಗ್ಗೆಯೂ ಓದಿ ಅಕ್ಕಾ. ಅಮ್ಮ, ಅಜ್ಜಿ ಇಬ್ಬರ ಹತ್ತಿರವೂ ಸೂಜಿ ಹಿಡಿಯಲು ಕಲಿತ ಕಪ್ಪು ಹೆಣ್ಣುಮಗಳು. 1953ರಲ್ಲಿ ಜಾನ್ ಕೆನಡಿಯವರ ಮದುವೆಗೆ ಮದುಮಗಳ ಉಡುಪು ಹೊಲಿದವರು. ಮದುವೆಗೆ 10 ದಿನ ಇದ್ದಾಗ ಅವರ ಕೆಲಸದ ಕೋಣೆಗೆ ನೀರು ನುಗ್ಗಿ ಎಲ್ಲಾ ಹಾಳಾಯಿತು. ಹಗಲು ರಾತ್ರಿ ಕೂತು ಮತ್ತೆ ಹೊಲಿದರು, ಲಾಭ ಹೋಗಿ ಕೈಯಿಂದಲೇ ನಷ್ಟವಾಯಿತು. ಅದನ್ನು ಮದುವೆ ಮನೆಯವರಿಗೆ ಹೇಳಲೂ ಇಲ್ಲ. ಉಡುಪಿನ ಫೋಟೋ ಜಗತ್ತೆಲ್ಲಾ ನೋಡಿತು. ಹೊಲಿದವರ ಹೆಸರು ಬಹಳ ಪತ್ರಿಕೆಗಳಲ್ಲಿ ಬರಲೇ ಇಲ್ಲ.

---

ನಿಟುವಳ್ಳಿ ಸೂಜಿ, ದಾವಣಗೆರೆ

ಎಲ್ಲರಿಗೂ ಥ್ಯಾಂಕ್ಸ್. ಹಾಸುಹೊಕ್ಕು ಮೇಡಂ, ಪಿನ್ನುಗಳನ್ನು ತೆಗೆದೆ. ಒಂದು ಬಟ್ಟಲು ತುಂಬಿತು. ಕೆಲವು ಮುಟ್ಟಿದರೆ ಪುಡಿಯಾದವು.

ಅಣ್ಣಾ, ನೀವು ಕೇಳಿದ್ದನ್ನು ನೋಡಿದೆ. ಮೊದಲಿಗೆ ಬೇಜಾರಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ನೀವು ಕೇಳಿದ್ದರಿಂದಲೇ ಆ ಮಂಜರಪಾಟಿನ ತುಂಡುಗಳನ್ನು ಸಾಲಾಗಿ ಜೋಡಿಸಿ ನೋಡಿದೆ. ಏಳು ಇವೆ. ಪ್ರತಿಯೊಂದರ ಮೂಲೆಯಲ್ಲೂ ಅವ್ವ ಪೆನ್ಸಿಲ್ಲಿನಲ್ಲಿ ನಂಬರ್ ಹಾಕಿದ್ದಾಳೆ. ಒಂದು ಮತ್ತು ಎರಡು ಅಜ್ಜಿಯ ಚೌಕವೇ, ನೇರ ನೂಲಿನಲ್ಲಿ. ಎರಡರ ಮೇಲೆ "ನೇರ ಬೇಡ. ಹರೀತು" ಅಂತ ಬರೆದಿದ್ದಾಳೆ. ಮೂರರಿಂದ ಓರೆ. ನಾಲ್ಕು ಗಾಳಿಪಟದ ಆಕಾರ. "ಚುಚ್ಚುತ್ತೆ" ಅಂತ ಇದೆ, ಮೂಲೆ ಜಾಸ್ತಿ ಇರುವುದಕ್ಕೆ ಇರಬೇಕು. ಐದರಿಂದ ಎಲೆ. ಆರು ಸ್ವಲ್ಪ ಅಗಲ. ಏಳರ ಮೇಲೆ ಏನೂ ಬರೆದಿಲ್ಲ, ಸುತ್ತ ಒಂದು ಗೆರೆ ಮಾತ್ರ ಎಳೆದಿದ್ದಾಳೆ.

ನಿಮ್ಮ ಮಾತು ಸರಿ, ಕಂಕುಳ ತುಂಡು ಅವಳು ಹುಟ್ಟಿಸಿದ್ದಲ್ಲ. ಅಜ್ಜಿಯದನ್ನು ತೆಗೆದುಕೊಂಡು ಹುಕ್ಸಿನ ಬ್ಲೌಸಿಗೆ ಒಗ್ಗಿಸಿದಳು. ಹಾಗೆಯೇ ಬರೆಯುತ್ತೇನೆ.

---

ಹಳೇ ಕತ್ತರಿ, ದಾವಣಗೆರೆ

ಏಳು ಸಲ ಕತ್ತರಿಸಿ ನೋಡಿದರಾ? ನಾನು ಒಂದು ಕಾಲರ್‌ಗೂ ಮೂರು ಸಲದ ಮೇಲೆ ಕತ್ತರಿಸಿದವನಲ್ಲ. ತಂಗಿ, ಧಾರಾಳವಾಗಿ ಡಿಸೈನರ್ ಅಂತ ಬರೆಯಿರಿ.

ಒಂದು ಸಹಾಯ ಮಾಡಬಲ್ಲೆ. ಆ ಏಳನ್ನೂ ದಪ್ಪ ಕಾಗದದ ಮೇಲೆ ಅಳತೆ ಸಮೇತ ತೆಗೆದುಕೊಡುತ್ತೇನೆ. ನೂಲು ಯಾವ ಕಡೆ ಅಂತ ಬಾಣದ ಗುರುತು ಹಾಕಬೇಕು, ಹೊಲಿಗೆಗೆ ಬಿಟ್ಟ ಜಾಗ ಬೇರೆ ತೋರಿಸಬೇಕು. ಆಗ ಯಾರು ಬೇಕಾದರೂ ಹೊಲಿಯಬಹುದು. ಕಾಸು ಬೇಡ.

---

ನ್ಯಾಮತಿ ಕಡೆಯವಳು

ತಡವಾಗಿ ನೋಡಿದೆ. ನಾನು ಲಂಬಾಣಿ ತಾಂಡಾದವಳು, ಸೂರಗೊಂಡನಕೊಪ್ಪದ ಹತ್ತಿರ. ನಮ್ಮ ಯಾಡಿ, ಅಂದರೆ ಅವ್ವ, ಫೇಟಿಯಾ (ಲಂಗ), ಕಾಂಚಳಿ (ಕುಬಸ) ಎಲ್ಲಾ ಕೈಯಲ್ಲೇ ಹೊಲಿದವಳು. ಸಂಡೂರಿನ ಲಂಬಾಣಿ ಕಸೂತಿಗೆ ಸರ್ಕಾರದ ಗುರುತು ಬಂದಿದೆ, ವೇಲೆ, ಮಾಕಿ ಅಂತ ಹೊಲಿಗೆಗಳ ಹೆಸರೂ ಪುಸ್ತಕಕ್ಕೆ ಬಂದವು. ಹೊಲಿದವರ ಹೆಸರು ಬರಲಿಲ್ಲ. ಆದರೆ ಸೇವಾಲಾಲ್ ಜಾತ್ರೆಗೆ ಬಂದ ಮುದುಕಿಯರನ್ನು ಕೇಳಿ ನೋಡಿ. ದೂರದಿಂದ ಕನ್ನಡಿ ಇಟ್ಟ ಸಾಲು ನೋಡಿಯೇ ಇದು ಇಂಥವಳ ಕೈ ಅಂತ ಹೇಳುತ್ತಾರೆ. ಹಾಗೆ ಗುರುತು ಹಿಡಿಯುವವರು ಇರುವಾಗಲೇ ಕೇಳಿ ಬರೆದುಕೊಳ್ಳಿ ಅಕ್ಕಾ. ನಿಮ್ಮವ್ವನ ಬ್ಲೌಸ್ ತೊಟ್ಟವರು ಇನ್ನೂ ಇದ್ದಾರಲ್ವಾ? ಅವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ.

---

ನಿಟುವಳ್ಳಿ ಸೂಜಿ, ದಾವಣಗೆರೆ

ಭಾನುವಾರ ಭಟ್ಟಿಯ ಕಡೆ ಹೋಗಿದ್ದೆ. "ಭಟ್ಟಿ ಮೂಲೆ ಮನೆ" ಅಂತ ಪುಸ್ತಕದಲ್ಲಿದ್ದ ಅಮ್ಮ ಸಿಕ್ಕರು. ಈಗ ಎಪ್ಪತ್ತು ದಾಟಿದೆ. ನಾನು ಯಾರ ಮಗಳು ಅಂತ ಹೇಳಿದ ಕೂಡಲೇ ಒಳಗೆ ಹೋಗಿ ಒಂದು ಬ್ಲೌಸ್ ತಂದರು. ಕಂದು ಬಣ್ಣ, ಬೆನ್ನಿನ ಕಡೆ ಬಣ್ಣವೆಲ್ಲಾ ಹೋಗಿದೆ, ತೋಳಿನ ಅಂಚು ಸವೆದು ನೂಲು ಎದ್ದಿದೆ. ಕಂಕುಳ ಹೊಲಿಗೆ ಹಾಗೇ ಇದೆ, ಒಂದು ಎಳೆಯೂ ಬಿಟ್ಟಿಲ್ಲ. ಆ ಅಮ್ಮ ಅದನ್ನು ತೊಟ್ಟುಕೊಂಡೇ ಕೈ ಮೇಲೆತ್ತಿ ತೋರಿಸಿದರು. ಮುಂದೆ, ಪಕ್ಕ, ಹಿಂದೆ ಮೂರು ಫೋಟೋ ತೆಗೆದೆ. ಆಮೇಲೆ ಬಿಚ್ಚಿ ಕೊಟ್ಟರು, ಒಳಮೈಯದೂ ತೆಗೆದೆ.

ಬ್ಲೌಸ್ ಇಟ್ಟುಕೋ ಅಂದರು. ನಾನು ಒಪ್ಪಲಿಲ್ಲ, ಅದು ಅವರದು. ಪುಸ್ತಕದ ಆ ಪುಟದಲ್ಲಿ "ಭಟ್ಟಿ ಮೂಲೆ ಮನೆ" ಅಂತ ಇದ್ದುದರ ಕೆಳಗೆ ಅವರ ಹೆಸರು ಕೇಳಿ ಬರೆದುಕೊಂಡೆ. ಪಕ್ಕದಲ್ಲಿ ಅವ್ವನ ಹೆಸರನ್ನೂ ಪೂರ್ತಿ ಬರೆದೆ.

ಹಳೇ ಕತ್ತರಿ ಅಣ್ಣಾ, ಬುಧವಾರ ಸಂಜೆ ತುಂಡುಗಳನ್ನು ತರುತ್ತೇನೆ. ದಪ್ಪ ಕಾಗದ ಎಷ್ಟು ಶೀಟ್ ಬೇಕಾಗುತ್ತದೆ ಹೇಳಿ.