ಗಗನಯಾನದ ಖರ್ಚು 9 ಸಾವಿರ ಕೋಟಿಯಿಂದ 20 ಸಾವಿರ ಕೋಟಿ ಆಗಿದ್ದು ಹೇಗೆ? ಮಕ್ಕಳಿಗೆ ಏನಂತ ಹೇಳಲಿ?

ಸೈನ್ಸ್_ಟೀಚರ್:
ಎಲ್ರಿಗೂ ನಮಸ್ಕಾರ. ಸರ್ಕಾರಿ ಹೈಸ್ಕೂಲಲ್ಲಿ ಸೈನ್ಸ್ ಹೇಳ್ಕೊಡ್ತೀನಿ. ಮೊನ್ನೆ ಒಂಬತ್ತನೇ ಕ್ಲಾಸಲ್ಲಿ ಶುಭಾಂಶು ಶುಕ್ಲಾ ಸ್ಪೇಸ್ ಸ್ಟೇಷನ್‌ಗೆ ಹೋಗಿ ಬಂದಿದ್ದು ಹೇಳ್ತಾ ಇದ್ದೆ, ಹಂಗೇ ನಮ್ಮ ರಾಕೆಟ್ಟಲ್ಲೇ ನಮ್ಮವರನ್ನ ಬಾಹ್ಯಾಕಾಶಕ್ಕೆ ಕಳಿಸೋ ಗಗನಯಾನದ ಮಾತು ಬಂತು, ಒಬ್ಬಳು ಹುಡುಗಿ ಎದ್ದು ನಿಂತು "ಮಿಸ್, ಮಳೆ ಬಂದ್ರೆ ನಮ್ ಲ್ಯಾಬ್ ಸೋರುತ್ತೆ, ಬೀರು ಮೇಲೆ ಟಾರ್ಪಾಲ್ ಹೊದಿಸ್ತೀವಿ, ಅಷ್ಟೊಂದು ದುಡ್ಡು ಅಲ್ಲಿಗೆ ಯಾಕೆ ಹಾಕ್ತಾರೆ" ಅಂತ ಕೇಳಿದ್ಲು. ದೇಶಕ್ಕೆ ಹೆಮ್ಮೆ ಅಂತ ಏನೋ ಹೇಳಿ ಕೂರಿಸ್ಬಹುದಿತ್ತು, ಮನಸ್ಸು ಬರ್ಲಿಲ್ಲ, ಸೋಮವಾರ ಹೇಳ್ತೀನಿ ಅಂದಿದ್ದೀನಿ. ಮನೆಗೆ ಬಂದು ನೋಡಿದ್ರೆ 2018ರ ಡಿಸೆಂಬರ್‌ನಲ್ಲಿ ಕ್ಯಾಬಿನೆಟ್ ಒಪ್ಪಿದ್ದು 9,023 ಕೋಟಿ, 2024ರ ಸೆಪ್ಟೆಂಬರ್‌ನಲ್ಲಿ ಅದು 20,193 ಕೋಟಿ. 2022ರೊಳಗೆ ಹೋಗ್ತೀವಿ ಅಂದಿದ್ರು, ಈಗ 2027 ಅಂತಿದ್ದಾರೆ. ಖರ್ಚು ಕೈಮೀರಿದ್ಯಾ, ಅಥವಾ ಬೇರೆ ಏನಾದ್ರೂ ಇದ್ಯಾ? ತಿಳಿದವರು ದಯವಿಟ್ಟು ಹೇಳಿ.

ಲೆಕ್ಕದ_ಪುಸ್ತಕ:
ಮೇಡಂ, ಇದು ಅದೇ ಕೆಲಸಕ್ಕೆ ಎರಡರಷ್ಟು ಖರ್ಚಾಗಿದ್ದಲ್ಲ, ಕೆಲಸಾನೇ ದೊಡ್ಡದಾಗಿದೆ. ಮೊದಲು ಇದ್ದಿದ್ದು ಮನುಷ್ಯರನ್ನ ಕಳಿಸಿ ವಾಪಸ್ ಕರ್ಕೊಂಡ್ ಬರೋದು ಅಷ್ಟೇ. 2024ರಲ್ಲಿ 11,170 ಕೋಟಿ ಸೇರಿಸಿದಾಗ ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲನೇ ಮಾಡ್ಯೂಲ್, ಅಂದ್ರೆ ಮೊದಲನೇ ಭಾಗ ಕೂಡ ಅದರೊಳಗೆ ಬಂತು, ಒಟ್ಟು ಎಂಟು ಮಿಷನ್ನು, 2028ರ ಡಿಸೆಂಬರ್‌ಗೆ ಮುಗೀಬೇಕು ಅಂತ. ಪೂರ್ತಿ ನಿಲ್ದಾಣ 2035ಕ್ಕೆ, ಚಂದ್ರನ ಮೇಲೆ ನಮ್ಮವರು 2040ಕ್ಕೆ, ಅದಕ್ಕೆ ಇನ್ನೂ ಬೇರೆ ದುಡ್ಡು ಬೇಕಾಗುತ್ತೆ.

ಆ ಹುಡುಗಿಗೆ ಇನ್ನೊಂದು ಲೆಕ್ಕ ಹೇಳಿ. 2025-26ರ ಕೇಂದ್ರ ಬಜೆಟ್ಟು ಸುಮಾರು 50.65 ಲಕ್ಷ ಕೋಟಿ, ಅದ್ರಲ್ಲಿ ಬಾಹ್ಯಾಕಾಶ ಇಲಾಖೆಗೆ ಸಿಕ್ಕಿದ್ದು 13,416 ಕೋಟಿ, ಅಂದ್ರೆ ನೂರು ರೂಪಾಯಿಗೆ ಇಪ್ಪತ್ತಾರು ಪೈಸೆ ಚಿಲ್ಲರೆ. ಅದೇ ವರ್ಷ ಸಮಗ್ರ ಶಿಕ್ಷಾಕ್ಕೆ, ಅಂದ್ರೆ ಸ್ಕೂಲುಗಳಿಗೆ ಅಂತ ಇರೋ ಕೇಂದ್ರದ ಯೋಜನೆಗೆ ಇಟ್ಟಿದ್ದು 41,250 ಕೋಟಿ, ಗಗನಯಾನದ ಹತ್ತು ವರ್ಷದ ಒಟ್ಟು ಖರ್ಚಿನ ಎರಡರಷ್ಟು, ಒಂದೇ ವರ್ಷಕ್ಕೆ. ಹಂಗಾಗಿ ಲ್ಯಾಬ್ ಸೋರೋದಕ್ಕೆ ರಾಕೆಟ್ ಕಾರಣ ಅಲ್ಲ. ಆ ದುಡ್ಡು ನಿಮ್ಮ ಸ್ಕೂಲಿನ ಮಾಡಿನ ತನಕ ಯಾಕೆ ಬಂದಿಲ್ಲ ಅನ್ನೋದು ಬೇರೆ ಪ್ರಶ್ನೆ, ಅದನ್ನೂ ಅವಳು ಕೇಳ್ಲಿ.

ಬಯಲುಸೀಮೆ:
ನಾನು ಇಸ್ರೋ ಅಭಿಮಾನಿನೇ, ಆದ್ರೂ ಆ ಹುಡುಗಿ ಪರ. ಪರ್ಸೆಂಟೇಜ್ ಲೆಕ್ಕ ಇಟ್ಕೊಂಡ್ರೆ ಯಾವ ಖರ್ಚು ಬೇಕಾದ್ರೂ ಚಿಕ್ಕದಾಗೇ ಕಾಣುತ್ತೆ. ಚಂದ್ರಯಾನ-3 ಆಗಿದ್ದು ಸುಮಾರು 615 ಕೋಟೀಲಿ, 20,193 ಕೋಟಿ ಅಂದ್ರೆ ಅಂಥ ಮೂವತ್ತೆರಡು ಚಂದ್ರಯಾನ. ಶುಕ್ಲಾ ಅವರು ಹೋದ ಅಮೆರಿಕದ ಖಾಸಗಿ ಕಂಪನಿಯ ಆಕ್ಸಿಯಮ್-4 ಮಿಷನ್ನಿನ ಸೀಟಿಗೂ ಟ್ರೈನಿಂಗಿಗೂ ಸೇರಿ ಸುಮಾರು 550 ಕೋಟಿ ಅಂತ ಪೇಪರಲ್ಲಿ ಬಂದಿತ್ತು, ಹದಿನೆಂಟು ದಿನದ ಇರುವಿಕೆಗೆ. ಅಮೆರಿಕದವರ ಕಥೆನೂ ನೋಡಿ, 1966ರಲ್ಲಿ ಸರ್ಕಾರದ ಖರ್ಚಲ್ಲಿ ನೂರಕ್ಕೆ ನಾಲ್ಕು ರೂಪಾಯಿಗಿಂತ ಜಾಸ್ತಿ ನಾಸಾಗೆ ಹೋಗ್ತಿತ್ತು, ಚಂದ್ರನ ಪೈಪೋಟಿ ಗೆದ್ದಿದ್ದಾಯ್ತು ಅಂದ ಮೇಲೆ ಚಂದ್ರನಿಗೆ ಹೋಗ್ಬೇಕಿದ್ದ ಅಪೊಲೊ 18, 19, 20 ಮೂರನ್ನೂ ಕೈಬಿಟ್ರು. ಪೈಪೋಟಿಗೋ ತಾರೀಕಿಗೋ ಅಂತ ಬಂದ ದುಡ್ಡು ಆ ತಾರೀಕು ದಾಟಿದ್ಮೇಲೆ ನಿಲ್ಲಲ್ಲ, ನಂಗಿರೋ ಭಯ ಅದೇ.

ಲೆಕ್ಕದ_ಪುಸ್ತಕ:
ಭಯ ಸರಿನೇ ಅಣ್ಣ, ನಾನೂ ಒಪ್ತೀನಿ. ಆದ್ರೆ ಅದೇ ದಿನ, 2024 ಸೆಪ್ಟೆಂಬರ್ 18ಕ್ಕೆ, ಚಂದ್ರಯಾನ-4ಕ್ಕೆ 2,104 ಕೋಟಿ, ಶುಕ್ರ ಗ್ರಹದ ಮಿಷನ್‌ಗೆ 1,236 ಕೋಟಿ ಕೂಡ ಒಪ್ಪಿದ್ರು. ಮನುಷ್ಯರಿಗೋಸ್ಕರ ವಿಜ್ಞಾನದ ಮಿಷನ್ ನಿಲ್ಸಿಲ್ಲ. ಮುಂದೇನೂ ನಿಲ್ಸಬಾರ್ದು, ಅದನ್ನ ಪ್ರತಿ ಬಜೆಟ್ಟಲ್ಲೂ ನೋಡ್ತಾ ಇರ್ಬೇಕು.

ಇನ್ನು ಮನುಷ್ಯ ಹೋದ್ರೆ ಯಾಕೆ ದುಬಾರಿ ಅಂದ್ರೆ, ಗಗನಯಾನದ ರಾಕೆಟ್ ಎಲ್‌ವಿಎಂ3ಯ ಕ್ರಯೋಜೆನಿಕ್ (ತುಂಬಾ ತಣ್ಣಗಿನ ದ್ರವ ಇಂಧನದ) ಎಂಜಿನ್ ಸಿಇ20 ತಗೊಳ್ಳಿ. ಮನುಷ್ಯರನ್ನ ಹೊರೋಕೆ ಯೋಗ್ಯ ಅನ್ನಿಸ್ಕೊಳ್ಳೋಕೆ ಕಡಿಮೆ ಅಂದ್ರೂ 6,350 ಸೆಕೆಂಡ್ ಉರಿಸಿ ತೋರಿಸ್ಬೇಕು, ಇವರು 39 ಟೆಸ್ಟಲ್ಲಿ 8,810 ಸೆಕೆಂಡ್ ಉರಿಸಿದ್ರು. ಒಂದ್ಸಲ ಹಾರೋದಕ್ಕೆ ಬೇಕಾಗೋದು ಹತ್ತು ಹನ್ನೊಂದು ನಿಮಿಷ. ವಾಪಸ್ ಬರೋವಾಗ ಕ್ಯಾಪ್ಸೂಲಿಗೆ ಹತ್ತು ಪ್ಯಾರಾಚೂಟ್. 2023 ಅಕ್ಟೋಬರ್ 21ರಂದು, ತೊಂದರೆ ಆದ್ರೆ ಯಾನಿಗಳನ್ನ ರಾಕೆಟ್ಟಿಂದ ಪಾರುಮಾಡೋ ವ್ಯವಸ್ಥೆಯ ಟಿವಿ-ಡಿ1 ಪರೀಕ್ಷೆಯಲ್ಲಿ ಐದು ಸೆಕೆಂಡ್ ಇದೆ ಅನ್ನೋವಾಗ ಕಂಪ್ಯೂಟರ್ರೇ ಹಿಡಿದು ನಿಲ್ಲಿಸ್ತು, ಏನಾಯ್ತು ಅಂತ ನೋಡಿ ಸರಿಮಾಡಿ ಹತ್ತು ಗಂಟೆಗೆ ಬಿಟ್ರು. ನಂಗೆ ಆವತ್ತು ಹಾರಿದ್ದಕ್ಕಿಂತ ಆ ನಿಂತಿದ್ದೇ ಜಾಸ್ತಿ ಧೈರ್ಯ ಕೊಡ್ತು. 2022 ತಪ್ಪಿದ್ದಕ್ಕೆ ನಂಗೆ ಬೇಜಾರಿಲ್ಲ. ಸ್ವಾತಂತ್ರ್ಯದ 75ನೇ ವರ್ಷ ಅಂತ ಮೊದಲೇ ತಾರೀಕು ಕಟ್ಟಿದ್ದೇ ತಪ್ಪು ಅನ್ಸುತ್ತೆ.

ಪೀಣ್ಯ_ಲೇತ್:
ಮೇಡಂ, ದುಡ್ಡು ಯಾರ ಕೈಗೆ ಹೋಗುತ್ತೆ ಅಂತ ನಾನ್ ಹೇಳ್ತೀನಿ. ನಮ್ದು ಪೀಣ್ಯದಲ್ಲಿ ಒಂಬತ್ತು ಜನ ಇರೋ ಶಾಪು. ದೊಡ್ಡ ಕಂಪನಿಯೊಂದು ಇಸ್ರೋ ಆರ್ಡರ್ ತಗೊಂಡು ಚಿಕ್ಕ ಚಿಕ್ಕ ಜಾಬು ನಮಗೆ ಕೊಡುತ್ತೆ, ಯಾವ ರಾಕೆಟ್ಟಿಗೆ ಅಂತ ನಮಗೆ ಹೇಳಲ್ಲ, ಡ್ರಾಯಿಂಗ್ ಕೊಡ್ತಾರೆ ಅಷ್ಟೇ. ಅಂಗೈಯಗಲದ ಅಲ್ಯೂಮಿನಿಯಂ ರಿಂಗು, ಅಳತೆಯ ವ್ಯತ್ಯಾಸ 20 ಮೈಕ್ರಾನ್ (ಮಿಲಿಮೀಟರಿನ ಐವತ್ತನೇ ಒಂದು ಭಾಗ) ಒಳಗೆ ಬರ್ಬೇಕು. ಮಟೀರಿಯಲ್ ಜೊತೆ ಸರ್ಟಿಫಿಕೇಟ್ ಬರುತ್ತೆ, ಅದರ ನಂಬರ್ ಪ್ರತಿ ಪೀಸಿನ ಮೇಲೂ ಇರ್ಬೇಕು, ಕೊನೆ ಚೂರಿನ ತನಕ ಲೆಕ್ಕ ಕೊಡ್ಬೇಕು. ಹೋದ ವರ್ಷ ನಮ್ ಹುಡುಗ ಒರೆಸೋವಾಗ ಒಂದು ಪೀಸಿಗೆ ಉಗುರಿಗೂ ಸಿಗದಷ್ಟು ಸಣ್ಣ ಗೀರು ಬಿತ್ತು, ಇನ್ಸ್‌ಪೆಕ್ಷನ್‌ನಲ್ಲಿ ಟಾರ್ಚ್ ಓರೆಯಾಗಿ ಹಿಡಿದ್ರು, ಕಂಡುಬಿಡ್ತು, ರಿಜೆಕ್ಟ್. ಅವತ್ತಿಂದ ಆ ಹುಡುಗ ಎಲ್ಲಾ ಜಾಬನ್ನೂ ಹಂಗೇ ಟಾರ್ಚ್ ಹಿಡಿದು ನೋಡ್ತಾನೆ, ಬೋರ್‌ವೆಲ್ ಪಂಪಿನ ಬುಷ್ ಆದ್ರೂ ಸರಿ. ನಮ್ ಶಾಪಿಗೆ ಬಂದಿರೋ ಲಾಭ ಅದು. ನೋವೂ ಇದೆ, ಆ ದೊಡ್ಡ ಕಂಪನಿ ಬಿಲ್ ಕೊಡೋಕೆ ಆರು ತಿಂಗಳು ಮಾಡುತ್ತೆ, ಅಷ್ಟರಲ್ಲಿ ಸಂಬಳಕ್ಕೆ ನಾನು ಸಾಲ ಮಾಡಿರ್ತೀನಿ. ಸರ್ಕಾರ ಸಾವಿರಾರು ಕೋಟಿ ಒಪ್ಪಿದ್ರೆ ಸಾಲ್ದು, ಅದು ಕೊನೇ ಲೇತ್ ತನಕ ಟೈಮಿಗೆ ಬರ್ಬೇಕು.

ಮೈಸೂರ್_ಅಕ್ಕ:
ಮೇಡಂ, ಊಟದ ವಿಷಯನೂ ಹೇಳಿ, ಮಕ್ಕಳಿಗೆ ಬೇಗ ಹತ್ತುತ್ತೆ. ಗಗನಯಾನಿಗಳಿಗೆ ಇಡ್ಲಿ, ಉಪ್ಪಿಟ್ಟು, ಪಲಾವ್, ಹೆಸರುಬೇಳೆ ಹಲ್ವಾ ಎಲ್ಲಾ ತಯಾರು ಮಾಡಿದ್ದು ನಮ್ಮ ಮೈಸೂರಿನ ಡಿಎಫ್‌ಆರ್‌ಎಲ್, ಅಂದ್ರೆ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ. ಆಯ್ಕೆಯ ವೈದ್ಯಕೀಯ ಪರೀಕ್ಷೆ ಆಗಿದ್ದು ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೇಲಿ. ಎಂಜಿನಿಯರ್ ಆದ್ರೆ ಮಾತ್ರ ಈ ಕೆಲಸ ಅಂತ ಅವರು ಅಂದ್ಕೊಳ್ಳೋದು ಬೇಡ.

ಸೈನ್ಸ್_ಟೀಚರ್:
ಎಲ್ರಿಗೂ ತುಂಬಾ ಥ್ಯಾಂಕ್ಸ್. 9,023 ಮತ್ತು 11,170 ಬೋರ್ಡ್ ಮೇಲೆ ಬರೆದು ಅವರ ಕೈಲೇ ಕೂಡಿಸ್ತೀನಿ, ಬಯಲುಸೀಮೆ ಅವರ ಮೂವತ್ತೆರಡು ಚಂದ್ರಯಾನದ ಪ್ರಶ್ನೆನೂ ಮುಚ್ಚಿಡಲ್ಲ, ಹಂಗೇ ಇಡ್ತೀನಿ. ಪೀಣ್ಯ ಸರ್, ಆ ರಿಜೆಕ್ಟ್ ಆದ ರಿಂಗ್ ಒಂದು ಸಿಗಬಹುದಾ? ಮಕ್ಕಳು ಕೈಯಲ್ಲಿ ಹಿಡಿದು ನೋಡ್ಲಿ ಅಂತ.

ಪೀಣ್ಯ_ಲೇತ್:
ಅದು ಕೊಡೋಕಾಗಲ್ಲ ಮೇಡಂ, ರಿಜೆಕ್ಟ್ ಪೀಸೂ ವಾಪಸ್ ಲೆಕ್ಕಕ್ಕೆ ಹೋಗುತ್ತೆ. ಸ್ಕ್ರ್ಯಾಪ್ ಅಲ್ಯೂಮಿನಿಯಂನಲ್ಲಿ ಬೇರೆ ರಿಂಗ್ ಎರಡು ಮಾಡಿಸಿ ಕಳಿಸ್ತೀನಿ, ಒಂದಕ್ಕೆ ಬೇಕು ಅಂತಲೇ ಸಣ್ಣ ಗೀರು ಹಾಕಿಸ್ತೀನಿ. ಯಾವುದು ಅಂತ ಹೇಳ್ಬೇಡಿ, ಟಾರ್ಚ್ ಕೊಡಿ, ಅವರೇ ಹುಡುಕ್ಲಿ.